ಕೂಲಿ ಕೇಳಿದ ದನಿ ಆರೋಗ್ಯಕ್ಕೂ ಏಳಲಿ: ತಂಬಾಕು ನಾಡಿನಲ್ಲಿ ನುಂಗಿಕೊಂಡ ನೋವುಗಳು

ನಿಪ್ಪಾಣಿ ತಾಲೂಕಿನ ಅಕ್ಕೋಳ ವೇದಗಂಗಾ ನದಿಯ ಆಸರೆಯ ಊರು. ಮಳೆಗಾಲದಲ್ಲಿ ನದಿ ಉಕ್ಕಿದಾಗ ಅಕ್ಕೋಳ-ಸಿದ್ನಾಳ ಸೇತುವೆ ನೀರಿನಡಿ ಸೇರಿತೆಂಬ ಸುದ್ದಿಯೊಂದಿಗೆ ಈ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ನೆರೆ ಇಳಿದ ಮೇಲೆ ಸುದ್ದಿಯೂ ಇಳಿಯುತ್ತದೆ. ಆದರೆ ಈ ಭಾಗದ ಮನೆಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ಇಳಿಯದ ಇನ್ನೊಂದು ಸಂಗತಿಯಿದೆ. ಅದು ದುಡಿಯುವವರು, ಅದರಲ್ಲಿಯೂ ಹೆಣ್ಣುಮಕ್ಕಳು ಯಾರಿಗೂ ಹೇಳದೆ ನುಂಗಿಕೊಳ್ಳುವ ನೋವು.

ನಿಪ್ಪಾಣಿ ಎಂದರೆ ಬೀಡಿ ತಂಬಾಕಿನ ಪೇಟೆ. ನೀರಾವರಿ ಹೆಚ್ಚಿದಂತೆ ಸುತ್ತಲಿನ ಬಹಳಷ್ಟು ಹೊಲಗಳಲ್ಲಿ ಕಬ್ಬು ಬಂದಿದೆಯಾದರೂ ತಂಬಾಕಿನ ನಂಟು ಕಡಿದುಹೋಗಿಲ್ಲ. ಹೊಲದಲ್ಲಿ ಕುಡಿ ಚಿವುಟುವುದು, ವಖಾರಗಳಲ್ಲಿ ತಂಬಾಕು ಜರಡಿ ಹಿಡಿಯುವುದು, ಮನೆಯ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವುದು, ಈ ಕೆಲಸಗಳಲ್ಲಿ ಹೆಚ್ಚಿನ ಪಾಲು ಮಹಿಳೆಯರದ್ದೇ. ಕೆಮ್ಮು ಏಕೆ, ಕಣ್ಣು ಕೆಂಪಗೇಕೆ, ರಾತ್ರಿ ನಿದ್ದೆ ಏಕಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಏನಿಲ್ಲ ಬಿಡ್ರಿ, ಇದು ಇದ್ದದ್ದೇ.’

ಈ ‘ಇದ್ದದ್ದೇ’ ಎಂಬ ಮಾತೇ ರೋಗಕ್ಕಿಂತ ದೊಡ್ಡ ಅಪಾಯ. ಇದ್ದದ್ದೇ ಎಂದುಕೊಂಡ ಕೆಮ್ಮು ಕ್ಷಯವಾಗಿರಬಹುದು. ಇದ್ದದ್ದೇ ಎಂದುಕೊಂಡ ಬಾಯಿಹುಣ್ಣು ಅರ್ಬುದವಾಗಿರಬಹುದು. ಇದ್ದದ್ದೇ ಎಂದುಕೊಂಡ ಬೇಸರ ಚಿಕಿತ್ಸೆಯಿಂದ ಗುಣವಾಗುವ ಖಿನ್ನತೆಯಾಗಿರಬಹುದು.

ದನಿ ಎತ್ತಿದ ಚರಿತ್ರೆ

ನಿಪ್ಪಾಣಿ ಮೌನದ ಊರೇನೂ ಅಲ್ಲ. 1980ರ ಸುಮಾರಿಗೆ ಇಲ್ಲಿನ ತಂಬಾಕು ವಖಾರಗಳ ಸಾವಿರಾರು ಮಹಿಳೆಯರು ಸಂಘಟಿತರಾಗಿ ಹೆಚ್ಚಿನ ಕೂಲಿಗೆ, ಮನುಷ್ಯರಿಗೆ ತಕ್ಕ ಕೆಲಸದ ಸ್ಥಿತಿಗೆ ಹೋರಾಡಿದರು. ‘ಯುಗಾಂತರ್’ ತಂಡ 1982ರಲ್ಲಿ ನಿರ್ಮಿಸಿದ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಆ ಹೋರಾಟವನ್ನು ದಾಖಲಿಸಿದೆ. ದೂಳು ತುಂಬಿದ ವಖಾರದೊಳಗಿನ ದುಡಿಮೆಯನ್ನು ಹೊರಗಿನ ಜಗತ್ತು ಕಂಡದ್ದು ಆ ಚಿತ್ರದ ಮೂಲಕ. 1981ರಲ್ಲಿ ತಂಬಾಕು ಬೆಳೆಗಾರರು ಶರದ್ ಜೋಶಿ ಅವರ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ವಾರಗಟ್ಟಲೆ ಧರಣಿ ಕುಳಿತರು. ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು.

ಬೆಲೆಗಾಗಿ, ಕೂಲಿಗಾಗಿ ಇಷ್ಟು ಗಟ್ಟಿಯಾಗಿ ಮಾತನಾಡಿದ ನೆಲದಲ್ಲಿ ದೇಹ ಮತ್ತು ಮನಸ್ಸಿನ ಮಾತು ಬಂದಾಗ ಮಾತ್ರ ದನಿ ತಗ್ಗುತ್ತದೆ. ಕೂಲಿಯ ಅನ್ಯಾಯ ಎಲ್ಲರಿಗೂ ಒಂದೇ ಆದ್ದರಿಂದ ಒಟ್ಟಾಗಿ ಕೇಳುವುದು ಸುಲಭ. ಕಾಯಿಲೆ ಒಬ್ಬೊಬ್ಬರಿಗೆ ಒಂದೊಂದು ರೀತಿ ಬರುತ್ತದೆ. ಅದನ್ನು ಹೇಳಿಕೊಂಡರೆ ‘ಕೈಲಾಗದವಳು’ ಎಂಬ ಹೆಸರು ಬಂದೀತು, ನಾಳೆ ಕೆಲಸಕ್ಕೆ ಕರೆಯಲಾರರು ಎಂಬ ಅಂಜಿಕೆ. ಎಣಿಕೆಯ ಮೇಲೆ ಕೂಲಿ ಸಿಗುವ ಬೀಡಿ ಕೆಲಸದಲ್ಲಂತೂ ಆಸ್ಪತ್ರೆಗೆ ಹೋದ ದಿನವೆಂದರೆ ಕೂಲಿಯಿಲ್ಲದ ದಿನ.

ಕೆಲಸ ದೇಹಕ್ಕೆ ಮಾಡುವುದೇನು?

ತಂಬಾಕು ಸೇದಿದರೆ ಮಾತ್ರ ಹಾನಿ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ತಂಬಾಕಿನ ಎಲೆಯಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುತ್ತದೆ. ಇಬ್ಬನಿಯಿಂದಲೋ ಮಳೆಯಿಂದಲೋ ಒದ್ದೆಯಾದ ಎಲೆಗಳ ನಡುವೆ ಬರಿಗೈಯಲ್ಲಿ ಕೆಲಸ ಮಾಡಿದಾಗ ಈ ಹೀರುವಿಕೆ ಹೆಚ್ಚು. ವಾಕರಿಕೆ, ವಾಂತಿ, ತಲೆಸುತ್ತು, ತಲೆನೋವು, ನಿತ್ರಾಣ ಇದರ ಲಕ್ಷಣಗಳು. ವೈದ್ಯಶಾಸ್ತ್ರ ಇದನ್ನು ‘ಹಸಿರು ತಂಬಾಕು ಕಾಯಿಲೆ’ ಎಂದು ಗುರುತಿಸುತ್ತದೆ. ಹೊಲದಿಂದ ಬಂದವರು ಇದನ್ನು ಬಿಸಿಲಿನ ಝಳವೆಂದೋ ಪಿತ್ತವೆಂದೋ ತಿಳಿದು ಮಲಗಿಬಿಡುತ್ತಾರೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಎಲೆ ಒಣಗಿದ ಮೇಲೆ ಕೆಲಸ ಆರಂಭಿಸುವುದು, ತುಂಬು ತೋಳಿನ ಅಂಗಿ ಮತ್ತು ರಬ್ಬರ್ ಕೈಗವಸು ಧರಿಸುವುದು, ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸುವುದು, ಕೆಲಸ ಮುಗಿದೊಡನೆ ಸಾಬೂನಿನಿಂದ ಕೈಕಾಲು ತೊಳೆದು ನಂತರವೇ ಊಟಕ್ಕೆ ಕೂರುವುದು. ಗರ್ಭಿಣಿಯರು ಮತ್ತು ಮಕ್ಕಳು ಹಸಿ ತಂಬಾಕಿನಿಂದ ದೂರವಿರಬೇಕು.

ವಖಾರದಲ್ಲಿ ಶತ್ರು ದೂಳು. ಒಣ ತಂಬಾಕನ್ನು ಬಡಿದು ಜರಡಿ ಹಿಡಿಯುವಾಗ ಏಳುವ ಕಣಗಳು ಕಣ್ಣು, ಮೂಗು, ಗಂಟಲು, ಶ್ವಾಸನಾಳಗಳನ್ನು ಕೆಣಕುತ್ತವೆ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ಸೂಕ್ಷ್ಮ ಕಣಗಳನ್ನು ಸೆರಗು ತಡೆಯಲಾರದು. ಸರಿಯಾದ ಮುಖಗವಸು ಮತ್ತು ಗಾಳಿಯಾಡುವ ಕೋಣೆ ಇದ್ದರಷ್ಟೇ ರಕ್ಷಣೆ. ಇವನ್ನು ಒದಗಿಸುವುದು ಮಾಲೀಕರ ಹೊಣೆಯೇ ಹೊರತು ದಾನವಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ 1966ರಲ್ಲಿಯೇ ಪ್ರತ್ಯೇಕ ಕಾಯ್ದೆ ಬಂದಿತ್ತು. ಅದರ ಜಾಗದಲ್ಲಿ ಈಗ 2025ರ ನವೆಂಬರ್ 21ರಿಂದ ಜಾರಿಯಾದ ಔದ್ಯೋಗಿಕ ಸುರಕ್ಷೆ ಮತ್ತು ಆರೋಗ್ಯ ಸಂಹಿತೆ ಇದೆ.

ಮನೆಯಲ್ಲಿ ಬೀಡಿ ಕಟ್ಟುವವರ ಪಾಡು ಬೇರೆ. ತಾಸುಗಟ್ಟಲೆ ಬಾಗಿ ಕೂರುವುದರಿಂದ ಕುತ್ತಿಗೆ, ಸೊಂಟ, ಮೊಣಕಾಲುಗಳಲ್ಲಿ ನೋವು. ಬೆರಳುಗಳಲ್ಲಿ ಜೋಮು. ಅದೇ ಕೋಣೆಯಲ್ಲಿ ಮಗು ಮಲಗಿರುತ್ತದೆ, ಅಲ್ಲಿಯೇ ರೊಟ್ಟಿ ಬಡಿಯುತ್ತಾರೆ. ದೂಳು ಕೂಲಿ ಪಡೆಯುವವರಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಅಡುಗೆಯ ಜಾಗದಿಂದ ದೂರ, ಬಾಗಿಲು ಕಿಟಕಿ ತೆರೆದಿರುವ ಕಡೆ ಕೂರುವುದು, ತಾಸಿಗೊಮ್ಮೆ ಎದ್ದು ಮೈ ಸಡಿಲಿಸುವುದು, ತಂಬಾಕನ್ನು ಮುಚ್ಚಿಡುವುದು ಇಷ್ಟರಿಂದಲೇ ತಕ್ಕಮಟ್ಟಿಗೆ ಅನುಕೂಲವಾಗುತ್ತದೆ.

ಮಿಶ್ರಿ ಎಂಬ ಮನೆಯ ಶತ್ರು

ಮಹಾರಾಷ್ಟ್ರಕ್ಕೆ ಹೊಂದಿದ ಈ ಗಡಿ ಭಾಗದಲ್ಲಿ ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ ಹಳೆಯದು. ಬೀಡಿ ಸೇದುವ ಗಂಡಸನ್ನು ಎಲ್ಲರೂ ಬೈಯುತ್ತಾರೆ. ಮಿಶ್ರಿ ಹಚ್ಚುವ ಹೆಂಗಸನ್ನು ಯಾರೂ ವ್ಯಸನಿ ಎನ್ನುವುದಿಲ್ಲ. ಬೆಳಗಿನ ಒಂದು ಸಲ ಕ್ರಮೇಣ ದಿನಕ್ಕೆ ನಾಲ್ಕಾರು ಸಲವಾಗುತ್ತದೆ. ಹಚ್ಚದಿದ್ದರೆ ತಲೆನೋವು, ಕಿರಿಕಿರಿ, ಹೊಟ್ಟೆ ಸಡಿಲವಾಗದಿರುವುದು. ಇವೆಲ್ಲ ದೇಹ ನಿಕೋಟಿನ್‌ಗೆ ಅಂಟಿಕೊಂಡಿರುವುದರ ಗುರುತುಗಳು.

ಬಾಯಿಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಖಾರ ತಡೆಯದಿರುವುದು, ಬಾಯಿ ಪೂರ್ತಿ ತೆರೆಯಲು ಬಾರದಿರುವುದು ಕಂಡರೆ ತಡಮಾಡದೆ ತೋರಿಸಬೇಕು. ಬಾಯಿಯ ಅರ್ಬುದ ಮೊದಲ ಹಂತದಲ್ಲಿ ಸಿಕ್ಕರೆ ಗುಣವಾಗುವ ಸಾಧ್ಯತೆ ಹೆಚ್ಚು. ನೋವಿಲ್ಲವೆಂದು ಸುಮ್ಮನಿರುವುದೇ ಇಲ್ಲಿ ಆಗುವ ದೊಡ್ಡ ತಪ್ಪು, ಏಕೆಂದರೆ ಮೊದಲ ಹಂತದಲ್ಲಿ ಅದು ನೋಯುವುದೇ ಅಪರೂಪ. ಬಿಡಬೇಕೆನ್ನುವವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ.

ಎರಡು ವಾರದ ಲೆಕ್ಕ

ಆರೋಗ್ಯದ ವಿಷಯದಲ್ಲಿ ಪ್ರತಿ ಮನೆಯೂ ನೆನಪಿಡಬಹುದಾದ ಒಂದು ಸರಳ ಲೆಕ್ಕವಿದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕು. ಎರಡು ವಾರ ಮಾಯದ ಬಾಯಿಹುಣ್ಣನ್ನು ವೈದ್ಯರು ನೋಡಬೇಕು. ಎರಡು ವಾರ ಬಿಡದ ಬೇಸರದ ಬಗ್ಗೆ ಯಾರೊಂದಿಗಾದರೂ ಮಾತನಾಡಬೇಕು.

ಕೆಮ್ಮಿನೊಂದಿಗೆ ಸಂಜೆ ಜ್ವರ, ತೂಕ ಇಳಿಕೆ, ಕಫದಲ್ಲಿ ರಕ್ತ ಕಂಡರಂತೂ ಎರಡು ವಾರ ಕಾಯುವ ಅಗತ್ಯವೂ ಇಲ್ಲ. ಕ್ಷಯದ ಪರೀಕ್ಷೆ ಮತ್ತು ಔಷಧ ಸರಕಾರಿ ವ್ಯವಸ್ಥೆಯಲ್ಲಿ ಉಚಿತ. ರೋಗಿಯ ಪೌಷ್ಟಿಕ ಆಹಾರಕ್ಕಾಗಿ 2018ರಲ್ಲಿ ಆರಂಭವಾದ ನಿಕ್ಷಯ ಪೋಷಣ ಯೋಜನೆಯ ಮಾಸಿಕ ನೆರವು 2024ರ ನವೆಂಬರ್‌ನಿಂದ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ.

ಮನಸ್ಸು ದೇಹದ ಭಾಷೆಯಲ್ಲಿ ಮಾತನಾಡಿದಾಗ

ಮೂರನೆಯ ಲೆಕ್ಕವೇ ಅತ್ಯಂತ ಕಷ್ಟದ್ದು. ಮನಸ್ಸು ಸರಿಯಿಲ್ಲ ಎಂದು ಹೇಳಿಕೊಂಡು ವೈದ್ಯರ ಬಳಿ ಹೋಗುವವರು ಹಳ್ಳಿಗಳಲ್ಲಿ ವಿರಳ. ತಲೆ ಭಾರ, ಎದೆ ಧಡಧಡ, ಮೈಕೈ ನೋವು, ಹೊಟ್ಟೆಯಲ್ಲಿ ಸಂಕಟ, ಕೈಕಾಲಲ್ಲಿ ಶಕ್ತಿಯಿಲ್ಲ ಎಂದೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಖಿನ್ನತೆ ಮತ್ತು ಆತಂಕ ದೇಹದ ನೋವಾಗಿಯೇ ಕಾಣಿಸಿಕೊಳ್ಳುವುದು ಸಾಮಾನ್ಯ. ಪರಿಣಾಮವಾಗಿ ಒಂದು ಇಂಜೆಕ್ಷನ್, ಒಂದು ಸಲೈನ್, ನಾಲ್ಕು ಶಕ್ತಿಗುಳಿಗೆ ಪಡೆದು ಮನೆಗೆ ಬರುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ನೋವು, ಮತ್ತೆ ಅದೇ ಖರ್ಚು.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಪ್ರತಿ 20 ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದವರು. ಸಮೀಕ್ಷೆಯ ವೇಳೆ ಮಾನಸಿಕ ಕಾಯಿಲೆ ಇದ್ದವರ ಪ್ರಮಾಣ ಶೇ. 10.6. ಖಿನ್ನತೆ, ಆತಂಕಗಳಂಥ ಸಾಮಾನ್ಯ ಕಾಯಿಲೆ ಉಳ್ಳವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅಂದರೆ ನೂರರಲ್ಲಿ ಎಂಬತ್ತೈದು ಜನ ‘ಇದ್ದದ್ದೇ’ ಎಂದು ಸುಮ್ಮನಿದ್ದವರು ಅಥವಾ ಸುಮ್ಮನಿರಬೇಕಾಗಿ ಬಂದವರು.

ಈ ಭಾಗದಲ್ಲಿ ಮನಸ್ಸನ್ನು ಕುಗ್ಗಿಸುವ ಕಾರಣಗಳಿಗೆ ಕೊರತೆಯಿಲ್ಲ. 2005, 2019 ಮತ್ತು 2021ರ ನೆರೆಗಳು ಕೃಷ್ಣೆ ಮತ್ತು ಅದರ ಉಪನದಿಗಳ ದಂಡೆಯ ಊರುಗಳನ್ನು ಕಂಗೆಡಿಸಿದವು. ಮನೆ ಬಿದ್ದರೆ ಪಂಚನಾಮೆ ಆಗುತ್ತದೆ, ಬೆಳೆ ಹೋದರೆ ಪರಿಹಾರದ ಅರ್ಜಿ ಬರೆಯುತ್ತಾರೆ. ಆದರೆ ಮಳೆಯ ಸದ್ದಿಗೇ ಬೆಚ್ಚಿ ಏಳುವ ಮನಸ್ಸಿಗೆ ಪಂಚನಾಮೆ ಇಲ್ಲ. ಇದರ ಮೇಲೆ ಸಾಲದ ಕಂತು, ಗಂಡನ ಕುಡಿತ, ಮಗಳ ಮದುವೆಯ ಚಿಂತೆ.

ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು, ಕಾರಣವಿಲ್ಲದೆ ಅಳು, ಸದಾ ಆಯಾಸ, ತನ್ನಿಂದ ಎಲ್ಲರಿಗೂ ಭಾರ ಎಂಬ ಭಾವನೆ ಎರಡು ವಾರ ಮೀರಿ ಮುಂದುವರಿದರೆ ಅದು ಸ್ವಭಾವವಲ್ಲ, ಕಾಯಿಲೆ. ‘ಬದುಕಿ ಏನು ಮಾಡೋದು’ ಎಂಬ ಮಾತು ಒಮ್ಮೆ ಬಾಯಿಗೆ ಬಂದರೂ ಎರಡು ವಾರದ ಲೆಕ್ಕ ಬೇಡ. ಆ ದಿನವೇ ನೆರವು ಪಡೆಯಬೇಕು.

ನೆರವು ಎಲ್ಲಿ ಸಿಗುತ್ತದೆ?

ಮಾನಸಿಕ ಚಿಕಿತ್ಸೆ ಎಂದೊಡನೆ ಈ ಭಾಗದ ಜನರಿಗೆ ನೆನಪಾಗುವುದು ಧಾರವಾಡ. 1845ರಲ್ಲಿ ಆರಂಭವಾದ ಅಲ್ಲಿನ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆಯಾಗಿ ಬೆಳೆದಿದೆ. ಆದರೂ ‘ಧಾರವಾಡಕ್ಕೆ ಕಳಿಸಬೇಕು’ ಎಂಬುದು ಉತ್ತರ ಕರ್ನಾಟಕದಲ್ಲಿ ಇನ್ನೂ ಬೈಗುಳವಾಗಿಯೇ ಉಳಿದಿದೆ. ಆ ಬೈಗುಳದ ಅಂಜಿಕೆಯೇ ಎಷ್ಟೋ ಮಂದಿಯನ್ನು ಮನೆಯಲ್ಲಿ ಕೂಡಿಹಾಕಿದೆ.

ವಾಸ್ತವದಲ್ಲಿ ಬಹುತೇಕರಿಗೆ ಧಾರವಾಡದವರೆಗೆ ಹೋಗುವ ಅಗತ್ಯವೇ ಇಲ್ಲ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ತರಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟದ್ದೇ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಸಿಬ್ಬಂದಿಗೆ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಹೀಗಾಗಿ ಮೊದಲ ಮೆಟ್ಟಿಲು ಊರಿನ ಆಶಾ ಕಾರ್ಯಕರ್ತೆ ಮತ್ತು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಮೂವತ್ತು ವರ್ಷ ದಾಟಿದವರಿಗೆ ರಕ್ತದೊತ್ತಡ, ಮಧುಮೇಹ, ಬಾಯಿ, ಸ್ತನ ಮತ್ತು ಗರ್ಭಕಂಠದ ಅರ್ಬುದದ ತಪಾಸಣೆ ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳಲ್ಲಿ ಸೇರಿದೆ. ಎರಡನೆಯ ಮೆಟ್ಟಿಲು ನಿಪ್ಪಾಣಿ ಮತ್ತು ಚಿಕ್ಕೋಡಿಯ ಸರಕಾರಿ ಆಸ್ಪತ್ರೆಗಳು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ರೂಪುಗೊಂಡಿದೆ. ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೊರಟರೆ ಒಂದು ದಿನದ ಕೂಲಿ ವ್ಯರ್ಥವಾಗುವುದಿಲ್ಲ. ಮೂರನೆಯ ಮೆಟ್ಟಿಲು ಬೆಳಗಾವಿಯ ಬಿಮ್ಸ್ ಜಿಲ್ಲಾ ಆಸ್ಪತ್ರೆ. ತೀರ ಜಟಿಲವಾದ ಪ್ರಕರಣಗಳಿಗೆ ಮಾತ್ರ ಧಾರವಾಡ.

ಸೇತುವೆ ಮುಳುಗಿದ ದಿನವೂ ತೆರೆದಿರುವ ಬಾಗಿಲು ಇನ್ನೊಂದಿದೆ. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಮಾಡಬಹುದು. ಕರೆಗೆ ಹಣವಿಲ್ಲ. ಕನ್ನಡದಲ್ಲಿಯೂ ಮಾತನಾಡಬಹುದು, ಮರಾಠಿಯಲ್ಲಿಯೂ ಮಾತನಾಡಬಹುದು. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂಬ ಸ್ಥಿತಿಯಿರುವ ಗಡಿ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ. ಒಡಲಾಳದ ಸಂಕಟವನ್ನು ಯಾರೂ ಕಲಿತ ಭಾಷೆಯಲ್ಲಿ ಹೇಳಿಕೊಳ್ಳಲಾರರು.

ಅಂಜಿಕೆಗಳು ಮತ್ತು ಉತ್ತರಗಳು

ಮನಸ್ಸಿನ ಗುಳಿಗೆ ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಖಿನ್ನತೆಗೆ ಕೊಡುವ ಔಷಧಗಳು ಚಟ ಹಿಡಿಸುವಂಥವಲ್ಲ. ಅವು ಕೆಲಸ ಆರಂಭಿಸಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡುವುದು, ಗುಣ ಕಂಡಿತೆಂದು ತಾವಾಗಿಯೇ ನಿಲ್ಲಿಸುವುದು ಎರಡೂ ತಪ್ಪು. ಸುಧಾರಿಸಿದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕು. ಹಲವರಿಗೆ ಔಷಧವಿಲ್ಲದೆ ಆಪ್ತ ಸಮಾಲೋಚನೆಯೇ ಸಾಕಾಗುತ್ತದೆ. ಹೆಚ್ಚು ಎಚ್ಚರ ಬೇಕಾದುದು ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದು ನುಂಗುವ ನಿದ್ದೆಗುಳಿಗೆಯ ಬಗ್ಗೆ.

ಎರಡನೆಯ ಅಂಜಿಕೆ ಪೊಲೀಸರದ್ದು. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರ ಮೇಲೆ ಕೇಸು ಬೀಳುತ್ತದೆಂದು ಮನೆಯವರು ವಿಷಯ ಮುಚ್ಚಿಡುತ್ತಾರೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಪರಿಗಣಿಸುತ್ತದೆ. ಅವರಿಗೆ ಬೇಕಾದುದು ಶಿಕ್ಷೆಯಲ್ಲ, ಆರೈಕೆ ಎಂಬುದು ಕಾಯ್ದೆಯ ನಿಲುವು. ಅದನ್ನು ಒದಗಿಸುವುದು ಸರಕಾರದ ಹೊಣೆ.

ಮೂರನೆಯದು ಹಣದ ಅಂಜಿಕೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗುವುದು ಸಾಮಾನ್ಯ ಕ್ರಮ. ಕೊಲ್ಲಾಪುರ, ಮಿರಜ ಹತ್ತಿರವೆಂದು ನೇರವಾಗಿ ಗಡಿ ದಾಟುವವರು ಈ ಯೋಜನೆ ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳಿತು. ಬೀಡಿ ಕಾರ್ಮಿಕರ ಕಲ್ಯಾಣಕ್ಕಾಗಿ 1976ರಲ್ಲಿ ಕಾಯ್ದೆ ಬಂದಿದ್ದು, ಅದರ ಪ್ರಯೋಜನಗಳಿಗೆ ಗುರುತಿನ ಚೀಟಿಯೇ ಆಧಾರ. ಚೀಟಿಯಿಲ್ಲದೆ ಹತ್ತಾರು ವರ್ಷ ಬೀಡಿ ಕಟ್ಟಿದವರು ಕಾಗದದ ಮೇಲೆ ಕಾರ್ಮಿಕರೇ ಅಲ್ಲ.

ಸುತ್ತಲಿನವರು ಮಾಡಬಹುದಾದದ್ದು

ಬೀಡಿ ಕಟ್ಟುವ ಹೆಂಗಸರು ಓಣಿಯ ಕಟ್ಟೆಯ ಮೇಲೆ ಒಟ್ಟಿಗೆ ಕೂರುತ್ತಾರೆ. ಯಾರ ಕೈ ಇತ್ತೀಚೆಗೆ ನಿಧಾನವಾಗಿದೆ, ಯಾರು ಮಾತು ಬಿಟ್ಟಿದ್ದಾರೆ, ಯಾರು ಊಟದ ಗಂಟು ಬಿಚ್ಚದೆ ವಾಪಸು ಒಯ್ಯುತ್ತಿದ್ದಾರೆ ಎಂಬುದು ವೈದ್ಯರಿಗಿಂತ ಮೊದಲು ಗೊತ್ತಾಗುವುದು ಪಕ್ಕದಲ್ಲಿ ಕೂತವಳಿಗೆ. ‘ಯಾಕ ಅಕ್ಕಾ, ಮೊದಲಿನಂಗ ಇಲ್ಲಲ್ಲ, ಏನಾಗೇತಿ?’ ಎಂದು ಕೇಳಲು ಯಾವ ಪದವಿಯೂ ಬೇಡ. ಕೇಳಿದ ಮೇಲೆ ಉಪದೇಶ ಮಾಡದೆ ಕಿವಿಗೊಡಬೇಕು. ‘ಧೈರ್ಯ ತಗೋ, ಎಲ್ಲಾರಿಗೂ ಕಷ್ಟ ಐತಿ’ ಎಂಬ ಸಮಾಧಾನ ಎಷ್ಟೋ ಸಲ ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ.

ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ವಿಚಾರ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳುವುದರಿಂದ ಆ ವ್ಯಕ್ತಿಯ ಎದೆಯ ಭಾರ ಇಳಿಯುತ್ತದೆ. ಅಂಥ ಸಂದರ್ಭದಲ್ಲಿ ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಕೀಟನಾಶಕ, ಔಷಧಗಳನ್ನು ಬೀಗದೊಳಗೆ ಇಡಬೇಕು ಅಥವಾ ಬೇರೆಡೆ ಸಾಗಿಸಬೇಕು. 14416ಕ್ಕೆ ಕರೆ ಮಾಡಬೇಕು, ಜೊತೆಗೆ ಹೋಗಿ ವೈದ್ಯರಿಗೆ ತೋರಿಸಬೇಕು. ಪ್ರಾಣಾಪಾಯವಿದ್ದರೆ 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ‘ಆಸ್ಪತ್ರೆಗೆ ಹೋಗು’ ಎನ್ನುವುದಕ್ಕಿಂತ ‘ನಡಿ, ನಾನೂ ಬರ್ತೀನಿ’ ಎನ್ನುವ ಮಾತಿಗೆ ಬಲ ಹೆಚ್ಚು.

ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಕಂತಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಆರೋಗ್ಯದ ಲೆಕ್ಕವೂ ನಡೆಯಬಹುದು. ಯಾರಿಗೆ ಎರಡು ವಾರ ಮೀರಿದ ಕೆಮ್ಮಿದೆ, ಯಾರ ಬಾಯಿಹುಣ್ಣು ಮಾಯ್ದಿಲ್ಲ, ಯಾರಿಗೆ ನಿದ್ದೆ ಬರುತ್ತಿಲ್ಲ? ನಾಲ್ಕು ಜನ ಒಟ್ಟಾಗಿ ಒಂದೇ ದಿನ ಆಸ್ಪತ್ರೆಗೆ ಹೊರಟರೆ ಗಾಡಿಯ ಖರ್ಚೂ ಹಂಚಿಹೋಗುತ್ತದೆ, ಸಂಕೋಚವೂ ಹಂಚಿಹೋಗುತ್ತದೆ.

ನಾಲ್ಕು ದಶಕಗಳ ಹಿಂದೆ ನಿಪ್ಪಾಣಿಯ ಹೆಣ್ಣುಮಕ್ಕಳು ವಖಾರದ ಬಾಗಿಲಲ್ಲಿ ಒಟ್ಟಾಗಿ ನಿಂತಾಗ, ಒಬ್ಬೊಬ್ಬರೇ ಕೇಳಲಾರದ ಕೂಲಿಯನ್ನು ಗುಂಪಾಗಿ ಕೇಳಿದ್ದರು. ಆರೋಗ್ಯದ ವಿಷಯದಲ್ಲಿಯೂ ದಾರಿ ಬೇರೆಯಿಲ್ಲ. ದುಡಿಮೆ ನಡೆಯುವುದು ದೇಹದಿಂದ, ದೇಹ ನಡೆಯುವುದು ಮನಸ್ಸಿನಿಂದ. ಅವೆರಡರ ನೋವನ್ನು ಹೇಳಿಕೊಂಡವರು ಕೈಲಾಗದವರಲ್ಲ. ನೋವಿಗೆ ‘ಇದ್ದದ್ದೇ’ ಎನ್ನುವುದನ್ನು ಬಿಟ್ಟು ‘ತೋರಿಸೋಣ ನಡಿ’ ಎನ್ನುವ ದಿನದಿಂದ ಚಿಕಿತ್ಸೆ ಆರಂಭವಾಗುತ್ತದೆ.